ಮುಂಬಯಿಯ ವಹಿಯೂ ಕನ್ನೊಳ್ಳಿಯ ಒಕ್ಕಲಿಗನೂ

ಸಾಲ ಕೇಳಲು ಹೋದ ಒಕ್ಕಲಿಗನಿಗೆ ಒಂದು ಕಾಲದಲ್ಲಿ ಮೂರು ಪ್ರಶ್ನೆಗಳು ಕಾದಿರುತ್ತಿದ್ದವು. ಹೊಲವೆಷ್ಟು? ಜಾಮೀನು ಯಾರು? ಹಿಂದಿನ ಬಾಕಿ ಏನಾದರೂ ಉಂಟೋ? ಈ ಮೂರಕ್ಕೂ ಅವನು ನಿಂತ ನಿಲುವಿನಲ್ಲಿಯೇ ಉತ್ತರ ಕೊಡಬಲ್ಲವನಾಗಿದ್ದನು. ಏಕೆಂದರೆ ಹೊಲವು ಅವನದು, ಜಾಮೀನುದಾರನು ಅವನ ನೆರೆಯವನು, ಬಾಕಿಯೂ ಅವನೇ ಮಾಡಿದ್ದು. ಈಗ ಇವುಗಳಿಗಿಂತ ಮೊದಲು ನಾಲ್ಕನೆಯದೊಂದು ಪ್ರಶ್ನೆಯು ಬ್ಯಾಂಕಿನ ಮೇಜಿನ ಆಚೆಯಿಂದ ಬರುತ್ತದೆ: “ಸಿಬಿಲ್ ಎಷ್ಟು?” ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನ ಒಕ್ಕಲಿಗನು ಇದಕ್ಕೆ ಏನು ಉತ್ತರ ಕೊಡಬೇಕು? ಅವನ ಸಾಲದ ನಡತೆಯನ್ನು ಬರೆದಿಟ್ಟ ಪುಟವು ಅವನ ಮನೆಯ ಪೆಟ್ಟಿಗೆಯಲ್ಲಿಲ್ಲ, ಊರ ಚಾವಡಿಯಲ್ಲಿಲ್ಲ, ಸಿಂದಗಿಯ ಕಚೇರಿಯಲ್ಲಿಯೂ ಇಲ್ಲ. ಅದು ಮುಂಬಯಿಯ ವಹಿಯಲ್ಲಿದೆ. ಸಾಲ ಕೊಡುವವನು ಅದನ್ನು ಕ್ಷಣಮಾತ್ರದಲ್ಲಿ ನೋಡುತ್ತಾನೆ. ಸಾಲ ಬೇಡುವವನು ಎಷ್ಟೋ ಸಾರೆ ಜನ್ಮದಲ್ಲಿ ಒಮ್ಮೆಯೂ ನೋಡಿರುವದಿಲ್ಲ.

ಪತ್ತಿನ ವರದಿಯೇ ಕೆಟ್ಟದ್ದೆಂದು ನಾವು ಹೇಳುವವರಲ್ಲ. ಹಣ ಕೊಡುವವನು ಹಣ ಪಡೆಯುವವನ ನಡತೆಯನ್ನು ವಿಚಾರಿಸಬಾರದೆನ್ನುವದು ಬುದ್ಧಿವಂತರ ಮಾತಲ್ಲ. ಆದರೆ ಒಬ್ಬ ಮನುಷ್ಯನ ಮೇಲೆ ತೀರ್ಪು ಕೊಡುವ ಬರಹವನ್ನು ಆ ಮನುಷ್ಯನೇ ಓದದೆ ಇರುವ ಸ್ಥಿತಿಯು ನ್ಯಾಯವಾದದ್ದಲ್ಲ. ಅದನ್ನು ಓದುವ, ತಿದ್ದಿಸುವ ಹಕ್ಕನ್ನು ಕಾಯದೆಯು ಈಗಾಗಲೇ ಕೊಟ್ಟಿದೆ. ಆದರೆ ಆ ಹಕ್ಕು ನಮ್ಮ ಜಿಲ್ಲೆಯ ಹಳ್ಳಿಗಳ ಮಟ್ಟಿಗೆ ಕಾಗದದ ಮೇಲೆಯೇ ಉಳಿದಿದೆ. ಅದನ್ನು ಹಳ್ಳಿಯ ಕಟ್ಟೆಗೆ ಇಳಿಸುವ ಹೊಣೆಯು ಓದುಬರಹ ಬಲ್ಲ ಪಟ್ಟಣಿಗರ ಮೇಲೆಯೂ ಅಧಿಕಾರಿಗಳ ಮೇಲೆಯೂ ಇದೆ. ಇಷ್ಟನ್ನೇ ಇಂದು ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ಈ ವಸ್ತುವಿನ ಸ್ವರೂಪವನ್ನು ತಿಳಿದುಕೊಳ್ಳುವದು ಒಳ್ಳೆಯದು. ಸಿಬಿಲ್ ಎಂಬ ಕಂಪನಿಯು ೨೦೦೦ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ೨೦೦೫ರಲ್ಲಿ ಪಾರ್ಲಿಮೆಂಟು ಪತ್ತಿನ ಮಾಹಿತಿ ಕಂಪನಿಗಳ ಕಾಯದೆಯನ್ನು ಮಾಡಿ ಇಂಥ ಕಂಪನಿಗಳನ್ನು ರಿಝರ್ವ್ ಬ್ಯಾಂಕಿನ ಹತೋಟಿಗೆ ಒಳಪಡಿಸಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ಜನರ ಬಾಯಲ್ಲಿ ಮಾತ್ರ ನಾಲ್ಕಕ್ಕೂ ಸಿಬಿಲ್ ಎಂಬ ಒಂದೇ ಹೆಸರು. ಬ್ಯಾಂಕುಗಳೂ ಹಣಕಾಸಿನ ಕಂಪನಿಗಳೂ ತಮ್ಮ ಸಾಲಗಾರರ ಲೆಕ್ಕವನ್ನು ಇವುಗಳಿಗೆ ಕಳಿಸುತ್ತವೆ. ಯಾರು ಎಷ್ಟು ಸಾಲ ಪಡೆದರು, ಕಂತು ಯಾವ ತಿಂಗಳು ಸಂದಿತು, ಯಾವ ತಿಂಗಳು ಎಷ್ಟು ದಿವಸ ತಡವಾಯಿತು, ಸಾಲವು ಪೂರ್ಣ ತೀರಿತೋ, ಕಡಿಮೆ ಹಣಕ್ಕೆ ತೀರುವಳಿಯಾಯಿತೋ, ಬಾರದ ಬಾಕಿಯೆಂದು ಬರೆದುಹಾಕಿದರೋ, ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಹಿಂದಿನ ೩೬ ತಿಂಗಳುಗಳ ನಡತೆಯನ್ನು ತಿಂಗಳು ತಿಂಗಳಾಗಿ ತೋರಿಸಲಾಗುತ್ತದೆ. ಇದೆಲ್ಲದರ ಸಾರವನ್ನು ೩೦೦ರಿಂದ ೯೦೦ರ ವರೆಗಿನ ಒಂದು ಅಂಕದಲ್ಲಿ ಇಳಿಸಲಾಗುತ್ತದೆ. ಅಂಕವು ಮೇಲಿದ್ದಷ್ಟು ಬಾಗಿಲು ತೆರೆಯುತ್ತದೆ. ಕೆಳಗಿಳಿದಷ್ಟು ಮುಚ್ಚುತ್ತದೆ, ಇಲ್ಲವೆ ಬಡ್ಡಿಯ ದರವು ಏರುತ್ತದೆ.

ಅಂಕವನ್ನು ಇಳಿಸುವ ಕಾರಣಗಳೂ ತಿಳಿದಿರಲಿ. ಕಂತು ತಪ್ಪುವದು ಎಲ್ಲಕ್ಕೂ ದೊಡ್ಡ ಕಾರಣ. ಸಿಗುವ ಪತ್ತನ್ನೆಲ್ಲ ತುದಿಯವರೆಗೆ ಬಳಸಿಕೊಳ್ಳುವದು ಎರಡನೆಯದು. ಕೊಂಚ ಕಾಲದಲ್ಲಿ ಹಲವು ಕಡೆ ಸಾಲಕ್ಕೆ ಅರ್ಜಿ ಹಾಕುವದು ಮೂರನೆಯದು. ಏಕೆಂದರೆ ಸಾಲ ಕೊಡುವವರು ಪುಟವನ್ನು ತೆಗೆದು ನೋಡಿದ ಪ್ರತಿಯೊಂದು ಸಾರೆಯೂ ಅಲ್ಲಿ ದಾಖಲಾಗುತ್ತದೆ. ಮತ್ತೊಬ್ಬನಿಗೆ ಜಾಮೀನು ನಿಂತ ಸಾಲವು ತಪ್ಪಿದರೂ ಅದರ ಕಲೆಯು ಜಾಮೀನುದಾರನ ಪುಟಕ್ಕೆ ಹತ್ತುತ್ತದೆ. ಆದರೆ ತನ್ನ ಪುಟವನ್ನು ತಾನೇ ತರಿಸಿ ನೋಡಿದರೆ ಅಂಕವು ಇಳಿಯುವದಿಲ್ಲ. ಇದನ್ನು ತಿಳಿಯದೆ ಅನೇಕರು ತಮ್ಮ ಪುಟವನ್ನು ನೋಡಲು ಹೆದರುತ್ತಾರೆ, ಹೆದರಿಕೆಗೆ ಕಾರಣವಿಲ್ಲ.

ಪತ್ತು ಎಂಬ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. ಪತ್ತಿನ ಸಹಕಾರಿ ಸಂಘವೆಂಬ ಫಲಕವು ನಮ್ಮ ಊರೂರುಗಳಲ್ಲಿ ತೂಗುತ್ತಿದೆ. ಪತ್ತು ಎಂದರೆ ಮಾತಿನ ಮೇಲಿನ ವಿಶ್ವಾಸ. ಪತ್ತು ಉಳ್ಳವನು ಬರಿಗೈಯಿಂದ ಪೇಟೆಗೆ ಹೋದರೂ ಬೀಜ, ಅರಿವೆ, ಎಣ್ಣೆ ತರುತ್ತಿದ್ದನು. ಹಳೆಯ ಸಾವಕಾರನಿಗೆ ತನ್ನ ಸಾಲಗಾರನ ಹೊಲದಲ್ಲಿ ಮಳೆಯಾಯಿತೋ ಇಲ್ಲವೋ, ಅವನ ಎತ್ತು ಸತ್ತಿತೋ, ಮಗಳ ಮದುವೆಯಾಯಿತೋ ಎಲ್ಲವೂ ಗೊತ್ತಿರುತ್ತಿತ್ತು. ಅದರಲ್ಲಿ ಒಂದು ಗುಣವಿತ್ತು, ದೋಷಗಳೂ ಇದ್ದವು. ಆ ಸಾವಕಾರನಿಗೆ ಸಾಲಗಾರನ ಜಾತಿಯೂ ಗೊತ್ತಿತ್ತು, ಊರ ಪಕ್ಷವೂ ಗೊತ್ತಿತ್ತು, ಅವನ ದಿಕ್ಕಿಲ್ಲದ ಸ್ಥಿತಿಯೂ ಗೊತ್ತಿತ್ತು. ಬಡ್ಡಿಯ ದರವು ಈ ತಿಳಿವಳಿಕೆಯ ಮೇಲೆಯೇ ನಿಲ್ಲುತ್ತಿತ್ತು. ಮುಂಬಯಿಯ ಪುಟವು ಜಾತಿಯನ್ನು ಕೇಳುವದಿಲ್ಲ, ಯಾರ ಕಡೆಯವನೆಂದು ವಿಚಾರಿಸುವದಿಲ್ಲ. ಕೂಲಿಕಾರನ ಮಗನು ಕಂತುಗಳನ್ನು ನೆಟ್ಟಗೆ ತುಂಬಿದ್ದರೆ ಗೌಡರ ಮಗನಿಗಿಂತ ಹೆಚ್ಚಿನ ಅಂಕವನ್ನು ಪಡೆಯಬಲ್ಲನು. ಇದು ಸಣ್ಣ ಗುಣವಲ್ಲ. ಇದನ್ನು ಒಪ್ಪದವರು ಪಕ್ಷಪಾತಿಗಳೆನಿಸುವರು.

ಸಾಲಗಾರರ ನಡತೆಯನ್ನು ದೂರದಿಂದ ಬರೆದಿಡುವ ಪದ್ಧತಿಯು ಹುಟ್ಟಿದ್ದೂ ಹೀಗೆಯೇ ಒಂದು ಅವಶ್ಯಕತೆಯಿಂದ. ಅಮೇರಿಕೆಯಲ್ಲಿ ೧೮೩೭ರ ವ್ಯಾಪಾರದ ಕುಸಿತದಲ್ಲಿ ಪೆಟ್ಟು ತಿಂದ ಲೂಯಿಸ್ ಟ್ಯಾಪನ್ ಎಂಬ ರೇಶ್ಮೆಯ ವ್ಯಾಪಾರಿಯು ೧೮೪೧ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಸಂಸ್ಥೆಯನ್ನು ತೆರೆದು, ದೂರದ ಊರುಗಳ ವರ್ತಕರ ಪತ್ತಿನ ವರ್ತಮಾನವನ್ನು ದಪ್ಪ ವಹಿಗಳಲ್ಲಿ ಬರೆಯಿಸಿ, ಹಣ ಕೊಟ್ಟವರಿಗೆ ತಿಳಿಸತೊಡಗಿದನು. ಮುಂದೆ ಸಾಮಾನ್ಯ ಜನರ ಬಗ್ಗೆಯೂ ಇಂಥ ವಹಿಗಳು ಹುಟ್ಟಿದವು. ಆದರೆ ತನ್ನ ಬಗ್ಗೆ ಬರೆದದ್ದನ್ನು ತಿಳಿದುಕೊಳ್ಳುವ, ತಪ್ಪಿದ್ದರೆ ತಕರಾರು ಮಾಡುವ ಹಕ್ಕನ್ನು ಆ ದೇಶದ ಕಾಯದೆಯು ಸಾಮಾನ್ಯ ಮನುಷ್ಯನಿಗೆ ಕೊಟ್ಟದ್ದು ೧೯೭೦ರಲ್ಲಿ. ವಹಿಯು ಮೊದಲು ಬಂದಿತು. ವಹಿಯನ್ನು ನೋಡುವ ಹಕ್ಕು ಬರಲು ೧೨೯ ವರುಷಗಳು ಹಿಡಿದವು.

ನಮ್ಮ ಭಾಗದ ಇತಿಹಾಸವು ಇದೇ ಪಾಠವನ್ನು ಇನ್ನೂ ಕಟುವಾಗಿ ಕಲಿಸಿದೆ. ೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ಒಕ್ಕಲಿಗರು ಸಾವಕಾರರ ಮನೆಗಳನ್ನು ಹೊಕ್ಕು ಸಾಲದ ಪತ್ರಗಳನ್ನು ಹೊರಗೆಳೆದು ಸುಟ್ಟರು. ದಂಗೆಯು ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿತು. ಆ ಜನರ ಸಿಟ್ಟು ಹೆಚ್ಚಾಗಿ ಹಾಯ್ದದ್ದು ಮನುಷ್ಯರ ಮೇಲಲ್ಲ, ಕಾಗದದ ಮೇಲೆ ಎಂಬದನ್ನು ವಾಚಕರು ಗಮನಿಸಬೇಕು. ತಮಗೆ ಓದಲು ಬಾರದ, ತಾವು ಎಷ್ಟು ಹಣ ಕೊಟ್ಟರೂ ತೀರದ ಆ ಕಾಗದವೇ ಅವರ ವೈರಿಯಾಗಿತ್ತು. ಸರಕಾರವು ಆಯೋಗವನ್ನು ನೇಮಿಸಿ ವಿಚಾರಿಸಿ, ೧೮೭೯ರಲ್ಲಿ ದಖ್ಖಣದ ಒಕ್ಕಲಿಗರ ಪರಿಹಾರದ ಕಾಯದೆಯನ್ನು ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಜಾರಿಮಾಡಿತು. ಇವುಗಳಲ್ಲಿ ಸೊಲ್ಲಾಪುರವು ನಮ್ಮ ಇಂಡಿ ತಾಲೂಕಿನ ನೆರೆಯೇ. ಆ ಕಾಯದೆಯು ಹೇಳಿದ್ದೇನು? ಹಣ ಮುಟ್ಟಿದ್ದಕ್ಕೆ ಸಾವಕಾರನು ಪಾವತಿ ಕೊಡಬೇಕು, ವರುಷಕ್ಕೊಮ್ಮೆ ಲೆಕ್ಕವನ್ನು ಬರೆದು ಕೊಡಬೇಕು, ಕೇಳಿದರೆ ಖಾತೆಯ ಪುಸ್ತಕದಲ್ಲಿ ಬರೆದುಕೊಡಬೇಕು. ಕೋರ್ಟು ಸಹ ಕಾಗದದಲ್ಲಿ ಕಂಡ ಮೊತ್ತವನ್ನೇ ಸತ್ಯವೆಂದು ಹಿಡಿಯದೆ ಸಾಲದ ಹಿಂದಿನ ಚರಿತ್ರೆಯನ್ನು ವಿಚಾರಿಸಬೇಕು. ಪರಕೀಯರ ಸರಕಾರವೂ ಕೂಡ, ದಂಗೆಯಾದ ಮೇಲಾದರೂ, ವಹಿಯು ಇಬ್ಬರ ಕಣ್ಣಿಗೂ ಬೀಳಬೇಕೆಂಬ ತತ್ವವನ್ನು ಒಪ್ಪಿಕೊಂಡಿತು.

ಇನ್ನೊಂದು ಮಾರ್ಗವನ್ನು ನಮ್ಮ ಕನ್ನಡಿಗರೇ ತೋರಿಸಿಕೊಟ್ಟರು. ೧೯೦೪ರ ಸಹಕಾರಿ ಕಾಯದೆಯ ಬೆನ್ನಿಗೆ, ೧೯೦೫ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇಂಥ ಸಂಘದಲ್ಲಿ ಸಾಲಗಾರನ ನಡತೆಯನ್ನು ಅಳೆಯುವವರು ಅವನ ನೆರೆಹೊರೆಯವರೇ. ಲೆಕ್ಕವು ಸಭೆಯಲ್ಲಿ ಓದಲ್ಪಡುತ್ತದೆ. ತಪ್ಪಿದವನು ಎದ್ದು ನಿಂತು ಕಾರಣ ಹೇಳಬಹುದು. ಕಾರಣವು ನಿಜವೋ ಸುಳ್ಳೋ ಎಂಬದು ಕೂತವರಿಗೆಲ್ಲ ಗೊತ್ತಿರುತ್ತದೆ. ಈ ತತ್ವಕ್ಕೆ ಇನ್ನೂ ಹಳೆಯ ಬೇರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಬಾಗೇವಾಡಿಯಲ್ಲಿ ಹುಟ್ಟಿ ಬಿಜ್ಜಳನ ಭಂಡಾರಿಯಾದ ಬಸವಣ್ಣನವರ ಮೇಲೆ, ಭಂಡಾರದ ಹಣವು ಪೋಲಾಯಿತೆಂಬ ಚಾಡಿಯು ಅರಸನ ಕಿವಿಗೆ ಬಿದ್ದಾಗ, ಅವರು ಲೆಕ್ಕವನ್ನು ಎದುರಿಗೆ ಇಟ್ಟು ತೋರಿಸಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಆಪಾದಿತನ ಕೈಯಲ್ಲಿ ವಹಿ ಇದ್ದುದರಿಂದಲೇ ಸತ್ಯವು ಹೊರಬಿದ್ದಿತು. ವಹಿಯು ಅವರ ಕೈಗೆ ಸಿಗದೆ ಇದ್ದಿದ್ದರೆ ಚಾಡಿಯೇ ತೀರ್ಪಾಗುತ್ತಿತ್ತು.

ಈಗ ಕನ್ನೊಳ್ಳಿಗೆ ಬರೋಣ. ದೃಷ್ಟಾಂತಕ್ಕಾಗಿ ಅಲ್ಲಿಯ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಳ್ಳುವ. ಎಂಟು ಎಕರೆ ಎರೆಭೂಮಿ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ೨೦೨೩ರಲ್ಲಿ ಮಳೆಯು ಕೈಕೊಟ್ಟಿತು; ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರವೇ ಬರಪೀಡಿತವೆಂದು ಸಾರಿತು. ಆ ವರುಷ ಇವನ ಬೆಳೆಸಾಲವು ಬಾಕಿಯಾಯಿತು. ಮರುವರುಷ ತೊಗರಿಯನ್ನು ಮಾರಿ ಬಡ್ಡಿಸಹಿತ ತುಂಬಿ ಬೇಬಾಕಿ ಪತ್ರವನ್ನೂ ಪಡೆದನು. ಇವನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಿತು, ಪುಟದಲ್ಲಿ ಮುಗಿಯಲಿಲ್ಲ. ಇದರ ನಡುವೆ ಅಳಿಯನ ಮೋಟಾರುಸೈಕಲ್ಲಿನ ಸಾಲಕ್ಕೆ ಇವನು ಜಾಮೀನು ನಿಂತಿದ್ದನು. ಅಳಿಯನು ಗುಳೆ ಹೋದಾಗ ಕಂತುಗಳು ತಪ್ಪಿದವು. ಈಗ ಕೊಳವೆಬಾವಿಗೆ ಸಾಲ ಬೇಕೆಂದು ಒಂದು ಬ್ಯಾಂಕಿಗೆ ಹೋದನು, ಸಿಬಿಲ್ ಇಲ್ಲವೆಂದರು. ಎರಡನೆಯದಕ್ಕೆ ಹೋದನು, ಮೂರನೆಯದಕ್ಕೆ ಹೋದನು. ಹೋದ ಪ್ರತಿಯೊಂದು ಕಡೆಯಲ್ಲಿಯೂ ಪುಟವನ್ನು ತೆಗೆದು ನೋಡಿದ್ದು ದಾಖಲಾಗಿ, ಹಸಿದವನು ಮನೆಮನೆ ತಿರುಗಿದನೆಂಬ ಕಾರಣದಿಂದಲೇ ಅವನ ಅಂಕವು ಮತ್ತಷ್ಟು ಇಳಿಯಿತು. ಕಡೆಗೆ ಅವನು ಅಡತಿ ಅಂಗಡಿಗೆ ಹೋಗಿ, ಬರುವ ಬೆಳೆಯನ್ನು ಮಾತಿಗೆ ಕಟ್ಟಿಕೊಟ್ಟು, ತಿಂಗಳ ಬಡ್ಡಿಯ ಮೇಲೆ ಹಣ ತಂದನು. ಆ ಹಣವನ್ನು ಅವನು ಕಾಸಿಗೆ ಕಾಸು ತೀರಿಸಿದರೂ ಅದರ ಪುಣ್ಯವು ಮುಂಬಯಿಯ ಪುಟಕ್ಕೆ ಏರುವದಿಲ್ಲ. ಏಕೆಂದರೆ ಅಡತಿಯವನ ಕಿರ್ದಿಯು ಅಲ್ಲಿಗೆ ಹೋಗುವದಿಲ್ಲ.

ಈ ದೃಷ್ಟಾಂತದಲ್ಲಿ ಯಾರೂ ಮೋಸ ಮಾಡಿಲ್ಲ. ಒಕ್ಕಲಿಗನು ಸುಳ್ಳು ಹೇಳಿಲ್ಲ, ಬ್ಯಾಂಕಿನವರು ಲಂಚ ಕೇಳಿಲ್ಲ, ಕಂಪನಿಯು ಇಲ್ಲದ್ದನ್ನು ಬರೆದಿಲ್ಲ. ಆದರೂ ಅನ್ಯಾಯವಾಗಿದೆ. ಹೇಗೆ? ಪುಟವು ತಡವಾಯಿತೆಂದು ಬರೆಯುತ್ತದೆ. ಏಕೆ ತಡವಾಯಿತೆಂದು ಬರೆಯುವದಿಲ್ಲ. ಮಳೆ ಬಾರದೆ ತಪ್ಪಿದವನೂ, ಹಣವಿದ್ದು ತಪ್ಪಿಸಿದವನೂ ಆ ಅಂಕದಲ್ಲಿ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ತಿಂಗಳ ಪಗಾರದ ನೌಕರನಿಗೆ ತಿಂಗಳ ಕಂತು ಸಹಜ. ಹೊಲದ ಪಂಚಾಂಗವೇ ಬೇರೆ. ಈ ಭೇದವನ್ನು ರಿಝರ್ವ್ ಬ್ಯಾಂಕು ಅರಿಯದೆ ಇಲ್ಲ. ಉಳಿದ ಸಾಲಗಳು ತೊಂಬತ್ತು ದಿವಸ ಬಾಕಿಯಾದರೆ ಕೆಟ್ಟ ಸಾಲವೆನಿಸುವಾಗ, ಅಲ್ಪಾವಧಿ ಬೆಳೆಗಳ ಸಾಲಕ್ಕೆ ಎರಡು ಹಂಗಾಮುಗಳ ಗಡುವನ್ನು ಅದು ಕೊಟ್ಟಿದೆ. ಬೆಳೆಯು ಪ್ರತಿಶತ ೩೩ಕ್ಕಿಂತ ಹೆಚ್ಚು ಹಾನಿಯಾದ ಬರಗಾಲದಲ್ಲಿ ಸಾಲದ ಅವಧಿಯನ್ನು ಮುಂದಕ್ಕೆ ಹಾಕಿಕೊಡುವ ಏರ್ಪಾಡನ್ನೂ ೨೦೧೮ರಲ್ಲಿ ಕ್ರೋಡೀಕರಿಸಿದ ಅದರ ನಿರ್ದೇಶನಗಳಲ್ಲಿ ಕಾಣಬಹುದು. ಹೀಗೆ ನಿಯಮಕ್ಕೆ ಮಳೆಯ ಅರಿವಿದೆ. ಮೇಜಿನ ಆಚೆ ಕೂತು ಅಂಕವೊಂದನ್ನೇ ನೋಡಿ ತಲೆಯಲ್ಲಾಡಿಸುವವನಿಗೆ ಅದು ಏಕೆ ಇರಬಾರದು?

ಎರಡನೆಯ ದೋಷವು ಇದಕ್ಕಿಂತ ದೊಡ್ಡದು. ಈ ವರದಿಯನ್ನು ಸಾಲ ಕೊಡುವವರು ಒಂದೇ ಕಣ್ಣಿನಿಂದ ಓದುತ್ತಿದ್ದಾರೆ. ವರದಿಗೆ ಎರಡು ಉಪಯೋಗಗಳುಂಟು. ಕೊಡಬಾರದವನಿಗೆ ಕೊಡದೆ ಇರುವದು ಒಂದು. ಹೊರಲಾರದವನ ಮೇಲೆ ಮತ್ತಷ್ಟು ಹೊರೆ ಹೇರದೆ ಇರುವದು ಇನ್ನೊಂದು. ೨೦೨೨ರ ಮಾರ್ಚ್ ತಿಂಗಳಲ್ಲಿ ರಿಝರ್ವ್ ಬ್ಯಾಂಕು ಕಿರುಸಾಲಗಳಿಗೆ ಹೊಸ ನಿಯಮಗಳನ್ನು ಮಾಡಿ, ವರುಷಕ್ಕೆ ಮೂರು ಲಕ್ಷ ರೂಪಾಯಿಗಳ ವರೆಗಿನ ಆದಾಯದ ಮನೆತನಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲದಲ್ಲಿ, ಆ ಮನೆತನದ ಎಲ್ಲ ಕಂತುಗಳೂ ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ಗೊತ್ತುಮಾಡಿತು. ಇದನ್ನು ಪಾಲಿಸಲು ಸಾಲ ಕೊಡುವವನು ಪತ್ತಿನ ವರದಿಯನ್ನು ಓದಲೇಬೇಕು. ಹಾಗಿದ್ದೂ ಒಂದೇ ಓಣಿಯ ಒಬ್ಬಳೇ ತಾಯಿಯು ವಾರದ ಕಂತು, ತಿಂಗಳ ಕಂತು ಎಂದು ಹಲವು ಕಂಪನಿಗಳಿಗೆ ಸಾಲಗಾರಳಾದುದು ಹೇಗೆ? ಅವಳ ಪುಟವನ್ನು ನೋಡದೆ ಕೊಟ್ಟರೆ, ಅಥವಾ ನೋಡಿಯೂ ಕೊಟ್ಟರೆ? ಕಿರುಸಾಲದ ವಸೂಲಿಗಾರರ ಕಾಟದಿಂದ ಜನರು ಮನೆಬಾಗಿಲಿಗೆ ಬೀಗ ಹಾಕಿ ಊರು ಬಿಡುವ ವರ್ತಮಾನಗಳು ಹೆಚ್ಚಿ, ೨೦೨೫ರ ಫೆಬ್ರುವರಿ ೧೨ರಂದು ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಬಾವಿ ತೋಡುವವನಿಗೆ ಬಾಗಿಲು ಮುಚ್ಚಲು ಉಪಯೋಗಕ್ಕೆ ಬಂದ ಅದೇ ವರದಿಯು, ಬಡವಳ ಕೊರಳಿಗೆ ಸಾಲದ ಮೇಲೆ ಸಾಲ ಬಿಗಿಯುವಾಗ ಏಕೆ ಉಪಯೋಗಕ್ಕೆ ಬರಲಿಲ್ಲ?

ಮೂರನೆಯದು, ತಪ್ಪು ಬರಹದ ಮಾತು. ನಮ್ಮ ಸೀಮೆಯಲ್ಲಿ ಒಂದೇ ಊರಲ್ಲಿ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ನಾಲ್ಕಾರು ಜನರಿರುವದು ಅಪರೂಪವಲ್ಲ. ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಕಾರಕೂನನು ಒಂದು ಬಗೆ, ಮತ್ತೊಬ್ಬನು ಮತ್ತೊಂದು ಬಗೆ ಬರೆಯುತ್ತಾನೆ. ಒಬ್ಬನ ಬಾಕಿಯು ಇನ್ನೊಬ್ಬನ ಪುಟಕ್ಕೆ ಹತ್ತಲು ಇಷ್ಟೇ ಸಾಕು. ತೀರಿದ ಸಾಲವು ತೀರಿಲ್ಲವೆಂದೇ ಉಳಿಯಬಹುದು. ಏಕಕಾಲದ ತೀರುವಳಿಯೆಂದು ಬ್ಯಾಂಕಿನವರೇ ಕರೆದು ಕಡಿಮೆ ಹಣಕ್ಕೆ ಮುಗಿಸಿದ ಸಾಲವು, ಪುಟದಲ್ಲಿ ಪೂರ್ಣ ತೀರಿದ್ದೆಂದು ಬಾರದೆ ತೀರುವಳಿಯಾದದ್ದೆಂದು ಬಂದು, ಮುಂದಿನ ಸಾಲಕ್ಕೆ ಅಡ್ಡಗಾಲಾಗುತ್ತದೆ. ಇದನ್ನು ಸಹಿ ಹಾಕುವ ಮುಂಚೆ ಒಕ್ಕಲಿಗನಿಗೆ ಹೇಳುವವರು ಎಷ್ಟು ಜನ? ಈ ಮಾಹಿತಿಯನ್ನು ಕಂಪನಿಗಳು ಕಡಿಮೆಯೆಂದರೆ ಏಳು ವರುಷ ಕಾಯ್ದಿಡುತ್ತವೆ. ಏಳು ವರುಷವೆಂದರೆ ಹದಿನಾಲ್ಕು ಹಂಗಾಮುಗಳು.

ಇದಕ್ಕೆ ಕಾಯದೆಯಲ್ಲಿ ಉಪಾಯವಿಲ್ಲವೆ? ಧಾರಾಳವಾಗಿದೆ. ೨೦೦೫ರ ಕಾಯದೆಯ ೨೧ನೆಯ ಕಲಮಿನ ಪ್ರಕಾರ ಸಾಲಕ್ಕೆ ಅರ್ಜಿ ಹಾಕಿದವನು, ತನ್ನ ಬಗ್ಗೆ ಬ್ಯಾಂಕು ತರಿಸಿಕೊಂಡ ಮಾಹಿತಿಯ ಪ್ರತಿಯನ್ನು ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು. ಪುಟವು ಹಳತಾಗಿ ಉಳಿದಿದ್ದರೆ ತಿದ್ದಿಸಬಹುದು. ಕೇಳಿದ ಮೂವತ್ತು ದಿವಸಗಳೊಳಗೆ ತಿದ್ದಬೇಕು. ರಿಝರ್ವ್ ಬ್ಯಾಂಕು ೨೦೧೬ರಲ್ಲಿ ಕೊಟ್ಟ ಆಜ್ಞೆಯಿಂದಾಗಿ, ೨೦೧೭ರ ಜನವರಿಯಿಂದ ನಾಲ್ಕೂ ಕಂಪನಿಗಳು ವರುಷಕ್ಕೆ ಒಂದು ಸಾರೆ ಪೂರ್ಣ ವರದಿಯನ್ನು ಪ್ರತಿಯೊಬ್ಬನಿಗೂ ಹಣ ತೆಗೆದುಕೊಳ್ಳದೆ ಕೊಡಬೇಕಾಗಿದೆ. ೨೦೨೨ರ ಸಪ್ಟಂಬರದಿಂದ ಈ ಕಂಪನಿಗಳ ಮೇಲಿನ ಫಿರ್ಯಾದುಗಳನ್ನು ರಿಝರ್ವ್ ಬ್ಯಾಂಕಿನ ಲೋಕಪಾಲರು ಕೇಳುತ್ತಾರೆ; ಅದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ. ೨೦೨೩ರ ಅಕ್ಟೋಬರದ ಆಜ್ಞೆಯಂತೆ, ೨೦೨೪ರ ಎಪ್ರಿಲ್ ೨೬ರಿಂದ, ತಕರಾರನ್ನು ಮೂವತ್ತು ದಿವಸಗಳೊಳಗೆ ಬಗೆಹರಿಸದಿದ್ದರೆ ಮುಂದಿನ ಪ್ರತಿದಿವಸಕ್ಕೆ ನೂರು ರೂಪಾಯಿಗಳಂತೆ ಪರಿಹಾರವನ್ನು ತಕರಾರು ಮಾಡಿದವನಿಗೆ ಕೊಡಬೇಕಾಗಿದೆ. ೨೦೨೫ರ ಜನವರಿ ೧ರಿಂದ ಬ್ಯಾಂಕುಗಳು ತಿಂಗಳಿಗೊಮ್ಮೆಯಲ್ಲದೆ ಹದಿನೈದು ದಿವಸಗಳಿಗೊಮ್ಮೆ ಇಲ್ಲವೆ ಅದಕ್ಕೂ ಬೇಗ ಲೆಕ್ಕವನ್ನು ಕಳಿಸಬೇಕೆಂದಾಗಿದೆ. ಎಲ್ಲಕ್ಕೂ ಮಿಗಿಲಾಗಿ, ಸಾಲಕ್ಕೆ ಇಷ್ಟೇ ಅಂಕ ಬೇಕೆಂದು ರಿಝರ್ವ್ ಬ್ಯಾಂಕು ಎಲ್ಲಿಯೂ ಗೊತ್ತುಮಾಡಿಲ್ಲವೆಂದೂ, ಹಿಂದೆ ಸಾಲವನ್ನೇ ಮಾಡದವನ ಅರ್ಜಿಯನ್ನು ಪುಟವು ಬರಿದೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಅದು ತಿಳಿಸಿದೆಯೆಂದೂ ಕೇಂದ್ರದ ಅರ್ಥ ಖಾತೆಯ ರಾಜ್ಯಮಂತ್ರಿಗಳು ೨೦೨೫ರ ಮಳೆಗಾಲದ ಅಧಿವೇಶನದಲ್ಲಿ ಸ್ಪಷ್ಟಪಡಿಸಿದ್ದಾರೆ. ಸಾಲ ಮಾಡದೆ ಬಾಳಿದವನಿಗೆ ಪತ್ತು ಇಲ್ಲವೆನ್ನುವದು ನಮ್ಮ ಹಿರಿಯರು ಕೇಳಿದ್ದರೆ ನಗುವ ಮಾತಾಗಿತ್ತು.

ಇಷ್ಟು ಹಕ್ಕುಗಳಿದ್ದೂ ಕನ್ನೊಳ್ಳಿಯವನಿಗೆ ಇವುಗಳಿಂದ ಪ್ರಯೋಜನವೇನು? ವರದಿ ತರಿಸಲು ಮೊಬೈಲು, ಮಿಂಚಂಚೆ, ಪ್ಯಾನ್ ಸಂಖ್ಯೆ ಬೇಕು. ತಕರಾರನ್ನು ಬರೆಯಲು ಇಂಗ್ಲಿಷು ಬಂದರೆ ಅನುಕೂಲ. ಇವೆಲ್ಲ ಇರುವವನಿಗೆ ಅಡತಿಯವನ ಹಣ ಬೇಕಾಗುವದೇ ಅಪರೂಪ. ಹಕ್ಕು ಯಾರಿಗೆ ಹೆಚ್ಚು ಅವಶ್ಯವೋ ಅವನಿಂದಲೇ ಅದು ಹೆಚ್ಚು ದೂರವಾಗಿದೆ.

ಬ್ಯಾಂಕಿನ ಅಧಿಕಾರಿಗಳು ಇದಕ್ಕೆ ಹೇಳುವ ಮಾತನ್ನು ನಾವು ಬಲ್ಲೆವು, ಅದರಲ್ಲಿ ಹುರುಳಿಲ್ಲವೆಂದೂ ಹೇಳುವದಿಲ್ಲ. “ನಾವು ಕೊಡುವದು ಠೇವಣಿದಾರರ ಹಣ, ಮುಳುಗಿದರೆ ಉತ್ತರ ಕೊಡಬೇಕಾದವರು ನಾವು. ಸಾಲಮನ್ನಾದ ಆಸೆಯಿಂದ, ಇದ್ದೂ ತುಂಬದವರು ಇಲ್ಲವೆ?” ಎಂದು ಅವರು ಕೇಳುತ್ತಾರೆ. ಇದ್ದಾರೆ. ೨೦೦೮ರಲ್ಲಿ ಕೇಂದ್ರವೂ, ೨೦೧೭ರಲ್ಲಿಯೂ ೨೦೧೮ರಲ್ಲಿಯೂ ನಮ್ಮ ರಾಜ್ಯವೂ ಮಾಡಿದ ಮನ್ನಾಗಳ ತರುವಾಯ, ನೆಟ್ಟಗೆ ತುಂಬಿದವನೇ ಮೂರ್ಖನೆಂಬ ಭಾವನೆಯು ಕೆಲವರಲ್ಲಿ ಬೆಳೆದಿದೆ. ಅಂಥವರನ್ನು ಗುರುತಿಸಲು ವರದಿಯು ಬೇಕು. ೨೦೨೫ರ ಜನವರಿಯಿಂದ ಎರಡು ಲಕ್ಷ ರೂಪಾಯಿಗಳ ವರೆಗೆ ಒತ್ತೆಯಿಲ್ಲದೆ ಕೃಷಿಸಾಲ ಕೊಡಬೇಕೆಂದಾದ ಮೇಲಂತೂ, ಒತ್ತೆಯ ಸ್ಥಾನದಲ್ಲಿ ನಡತೆಯೇ ನಿಂತಿದೆ. ಆದರೆ ನಡತೆಯೇ ಒತ್ತೆಯಾದಾಗ ಅದನ್ನು ಅಳೆಯುವ ಕೊಳಗವು ಸರಿಯಾಗಿರಬೇಡವೆ? ಹೊಲವನ್ನು ಒತ್ತೆಯಿಟ್ಟುಕೊಳ್ಳುವಾಗ ಉತಾರವನ್ನು ಇಬ್ಬರೂ ಕೂತು ಓದುತ್ತಿದ್ದರು. ನಡತೆಯನ್ನು ಒತ್ತೆಯಿಟ್ಟುಕೊಳ್ಳುವಾಗಲೂ ಪುಟವನ್ನು ಇಬ್ಬರೂ ಓದಲಿ. ನಾವು ಕೇಳುವದು ಕಣ್ಣುಮುಚ್ಚಿ ಕೊಡಿರೆಂದಲ್ಲ. ಎರಡೂ ಕಣ್ಣು ತೆರೆದು ನೋಡಿರೆಂದು.

ನೆರೆಯ ಮಹಾರಾಷ್ಟ್ರದಲ್ಲಿ, ಬೆಳೆಸಾಲಕ್ಕೆ ಸಿಬಿಲ್ ಕೇಳುವ ಬ್ಯಾಂಕುಗಳ ಮೇಲೆ ಕ್ರಮ ಕೈಕೊಳ್ಳುವದಾಗಿ ಅಲ್ಲಿಯ ಮುಖ್ಯಮಂತ್ರಿಗಳು ೨೦೨೫ರ ಮೇ ತಿಂಗಳಲ್ಲಿ ಎಚ್ಚರಿಕೆ ಕೊಟ್ಟರು. ಅವರ ಕಳಕಳಿಯು ಮೆಚ್ಚತಕ್ಕದ್ದು. ಆದರೆ ಪೋಲೀಸರ ಹೆದರಿಕೆಯಿಂದ ಪತ್ತು ಹುಟ್ಟಲಾರದು. ಹೆದರಿದ ಅಧಿಕಾರಿಯು ಸಿಬಿಲ್ ಎಂಬ ಹೆಸರನ್ನು ಬಿಟ್ಟು ಬೇರೊಂದು ನೆವವನ್ನು ಹೇಳಿ ಬಾಗಿಲು ಮುಚ್ಚುತ್ತಾನೆ. ನೆವವು ಬಾಯಿಮಾತಿನಲ್ಲಿರುವ ವರೆಗೆ ಅದಕ್ಕೆ ಉತ್ತರವಿಲ್ಲ. ಬರಹದಲ್ಲಿ ಬಂದರೆ ಮಾತ್ರ ಅದನ್ನು ಪ್ರಶ್ನಿಸಬಹುದು.

ಆದಕಾರಣ ನಮ್ಮ ಸೂಚನೆಗಳು ಇಂತಿವೆ. ಸಾಲವನ್ನು ನಿರಾಕರಿಸಿದಾಗ, ಕಾರಣವನ್ನು ಕನ್ನಡದಲ್ಲಿ ಬರೆದು, ವರದಿಯ ಪ್ರತಿಯೊಂದಿಗೆ, ಕೇಳುವ ಮುಂಚೆಯೇ ಕೈಗೆ ಕೊಡುವ ರೂಢಿಯನ್ನು ನಮ್ಮ ಜಿಲ್ಲೆಯ ಬ್ಯಾಂಕುಗಳು ಹಾಕಬೇಕು. ಬ್ಯಾಂಕುಗಳಲ್ಲದ ಹಣಕಾಸಿನ ಕಂಪನಿಗಳು ಸಾಲಗಾರನು ಬಲ್ಲ ಭಾಷೆಯಲ್ಲಿಯೇ ಅವನೊಡನೆ ವ್ಯವಹರಿಸಬೇಕೆಂದು ರಿಝರ್ವ್ ಬ್ಯಾಂಕಿನ ನಿಯಮವಿದೆ. ಕಂಪನಿಗಳಿಗೆ ಸಾಧ್ಯವಾದದ್ದು ಬ್ಯಾಂಕುಗಳಿಗೆ ಅಸಾಧ್ಯವೆ? ಬರಗಾಲವೆಂದು ಸರಕಾರವು ಸಾರಿದ ವರುಷದ ಬಾಕಿಯನ್ನು, ಆ ಸಾರಿಕೆಯ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಅಂಕದ ಕನಿಷ್ಠ ಮಿತಿಯನ್ನು ಯಾರೂ ಹೇರಿಲ್ಲದಿರುವಾಗ ಹಾಗೆ ಓದಲು ಯಾವ ಅಡ್ಡಿಯೂ ಇಲ್ಲ. ನಮ್ಮ ಸಹಕಾರಿ ಸಂಘಗಳು ಹಲವು ವರುಷ ನೆಟ್ಟಗೆ ನಡೆದ ಸದಸ್ಯನಿಗೆ ಅವನ ನಡತೆಯ ಲೆಕ್ಕವನ್ನು ಬರೆದು ಮೊಹರು ಹಾಕಿ ಕೊಡಲಿ. ಪುಟವು ಬರಿದಾಗಿದ್ದಲ್ಲಿ ಅದು ಮಾತಾಡುವದು. ಜಿಲ್ಲೆಯ ಅಧಿಕಾರಿಗಳು ಗ್ರಾಮ ಪಂಚಾಯತಿಯ ವಾಚನಾಲಯಗಳಲ್ಲಿ, ಈಗ ಅರಿವು ಕೇಂದ್ರಗಳೆಂದು ಕರೆಯಲಾಗುವಲ್ಲಿ, ಬಿತ್ತಿಗೆಗೆ ಮುಂಚೆ ಒಂದು ದಿವಸವನ್ನು ಗೊತ್ತುಮಾಡಿ, ಊರವರ ವರದಿಗಳನ್ನು ತರಿಸಿ ಅವರವರಿಗೇ ಓದಿ ತಿಳಿಸಲಿ. ಒಬ್ಬನ ಪುಟವನ್ನು ಇನ್ನೊಬ್ಬನ ಎದುರಿಗೆ ಓದಬಾರದೆಂಬದನ್ನು ಮಾತ್ರ ಮರೆಯಬಾರದು.

ಸಾಲಗಾರರಿಗೂ ಎರಡು ಮಾತು. ಹಣ ತುಂಬಿದ ಪಾವತಿಯನ್ನೂ ಬೇಬಾಕಿ ಪತ್ರವನ್ನೂ ಬಂಗಾರದಂತೆ ಕಾಯ್ದುಕೊಳ್ಳಿರಿ. ದಾಕ್ಷಿಣ್ಯಕ್ಕೆ ಜಾಮೀನು ನಿಲ್ಲಬೇಡಿರಿ. ನಿಂತರೆ ಆ ಸಾಲವು ನಿಮ್ಮದೇ ಎಂದು ತಿಳಿಯಿರಿ. ಕಡಿಮೆ ಹಣಕ್ಕೆ ತೀರುವಳಿ ಮಾಡಿಕೊಳ್ಳುವಾಗ ಅದರ ಕಲೆಯು ಉಳಿಯುವದೆಂಬದನ್ನು ನೆನಪಿಡಿರಿ. ಹಣ ಕೊಟ್ಟರೆ ಸಿಬಿಲ್ ಏರಿಸಿಕೊಡುತ್ತೇವೆನ್ನುವ ದಲಾಲರನ್ನು ಮನೆಯ ಹೊಸ್ತಿಲು ಮೆಟ್ಟಗೊಡಬೇಡಿರಿ. ತಪ್ಪಾದ ಬರಹವನ್ನು ತಿದ್ದಿಸಲು ಹಣ ಬೇಕಿಲ್ಲ. ನಿಜವಾದ ಬರಹವನ್ನು ಅಳಿಸಲು ಯಾವ ದಲಾಲನಿಂದಲೂ ಆಗದು. ಅಂಕವನ್ನು ಏರಿಸುವದು ಕಾಲಕ್ಕೆ ಸರಿಯಾಗಿ ತುಂಬಿದ ಕಂತೊಂದೇ.

ಕಡೆಯ ಮಾತು ಪಟ್ಟಣದ ನಮ್ಮ ವಾಚಕರಿಗೆ. ಸ್ವರಾಜ್ಯವು ಬಂದು ಮುಕ್ಕಾಲು ಶತಮಾನ ಕಳೆಯಿತು. ಸ್ವರಾಜ್ಯವೆಂದರೆ ನಮ್ಮ ಧ್ವಜವು ಹಾರುವದಷ್ಟೇ ಅಲ್ಲ. ನಮ್ಮ ಬಗ್ಗೆ ಬರೆಯುವವನು ನಮಗೆ ಉತ್ತರ ಹೇಳತಕ್ಕವನಾಗಿರುವದು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಶಿಕ್ಷಕರಿದ್ದಾರೆ, ಕಾರಕೂನರಿದ್ದಾರೆ, ವಕೀಲರಿದ್ದಾರೆ, ನಿವೃತ್ತರಾದ ಬ್ಯಾಂಕಿನ ನೌಕರರಿದ್ದಾರೆ, ಮೊಬೈಲಿನಲ್ಲಿ ಕ್ಷಣಕ್ಕೊಮ್ಮೆ ಕಣ್ಣಾಡಿಸುವ ಕಾಲೇಜಿನ ತರುಣರಿದ್ದಾರೆ. ತಿಂಗಳಿಗೊಂದು ರವಿವಾರವನ್ನು ಇವರು ತಮ್ಮ ಹುಟ್ಟೂರಿಗೆ ಮೀಸಲಿಟ್ಟು, ಹತ್ತು ಮನೆತನಗಳ ವರದಿಗಳನ್ನು ತರಿಸಿ ಓದಿ ಹೇಳಿ, ತಪ್ಪಿದ್ದಲ್ಲಿ ತಕರಾರು ಬರೆದು ಕೊಟ್ಟರೆ, ಅದಕ್ಕೆ ಸರಕಾರದ ಹೊಸ ಕಾಯದೆಯೂ ಬೇಡ, ಯಾರ ಅಪ್ಪಣೆಯೂ ಬೇಡ. ೧೮೭೫ರ ಒಕ್ಕಲಿಗನು ತನಗೆ ಓದಲು ಬಾರದ ಕಾಗದವನ್ನು ಸುಟ್ಟನು. ಇಂದಿನ ವಹಿಯನ್ನು ಸುಡಲು ಬರುವದಿಲ್ಲ, ಸುಡುವದು ಬೇಕಾಗಿಯೂ ಇಲ್ಲ. ಅದನ್ನು ಓದಲು ಬರುತ್ತದೆ. ಓದಬಲ್ಲವರು ಮೊದಲು ಎದ್ದು ಹೋಗಿ ಓದಿ ಹೇಳಲಿ.